ಮಾಯಮಂತ್ರದ ಚಿತ್ರಗಳು

ಮಾಯಮಂತ್ರದ ಚಿತ್ರಗಳು : ರಾಕ್ಷಸ, ಬೇತಾಳ, ಮೋಹಿನಿ, ನಾಗಕನ್ನಿಕೆ, ಮಂತ್ರವಾದಿ ಮೊದಲಾದ ಪಾತ್ರಗಳನ್ನು ನಡುವೆ ನಿಲ್ಲಿಸಿ, ಸಣ್ಣ ಬಂಡವಾಳದಲ್ಲಿ, ಕ್ಯಾಮೆರಾದ ಕೈಚಳಕವನ್ನೇ ನಂಬಿ ತಯಾರಾದ ಹಳೆಯ ಚಲನಚಿತ್ರಗಳು. ಪತ್ರಿಕೆಗಳು ಇವನ್ನು ಜಾನಪದ ಚಿತ್ರ ಎಂದು ಕರೆದವು. ಹಳ್ಳಿಯ ಬಾಯಲ್ಲಿ ಇವು ರಾಜರಾಣಿ ಪಿಚ್ಚರ್, ದೆವ್ವದ ಪಿಚ್ಚರ್, ಮುಂದೆ ನಿರ್ದೇಶಕರೊಬ್ಬರ ಹೆಸರಿನಿಂದ ಸುಮ್ಮನೆ ವಿಠಲಾಚಾರ್ಯರ ಪಿಚ್ಚರ್ ಆದವು. ಪುರಾಣದ ಚಿತ್ರಕ್ಕೂ ಇವಕ್ಕೂ ನಡುವಿನ ಗೆರೆ ತೆಳುವಾದದ್ದು. ಪುರಾಣದ ಚಿತ್ರದಲ್ಲಿ ರಾಕ್ಷಸನಿಗೆ ವಂಶವೂ ವರವೂ ಇರುತ್ತವೆ. ಜಾನಪದ ಚಿತ್ರದ ರಾಕ್ಷಸನಿಗೆ ಗುಹೆಯೊಂದಿದ್ದರೆ ಸಾಕು. 1940ರ ದಶಕದ ಕೊನೆಯಿಂದ 1980ರ ದಶಕದವರೆಗೆ ದಕ್ಷಿಣ ಭಾರತದ ಟೆಂಟುಗಳಲ್ಲಿ ಇವುಗಳಿಗೆ ಬಿಡುವಿಲ್ಲದ ಬೇಡಿಕೆ ಇತ್ತು. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಇವುಗಳ ನೋಡುಗರು ಸಿನಿಮಾ ಬರುವ ಮೊದಲೇ ಸಿದ್ಧವಾಗಿದ್ದರು. ಆ ಸಿದ್ಧತೆ ಹೇಗೆ ಆಗಿತ್ತೆಂದು ತಿಳಿದರೆ ಈ ಚಿತ್ರಗಳ ಸೊಗಸೂ ಕೊರತೆಯೂ ಅರ್ಥವಾಗುತ್ತವೆ.

ಹಿನ್ನೆಲೆ

ಹಳೆಯ ಮೈಸೂರು ಸೀಮೆಯ ಹಳ್ಳಿಗರಿಗೆ ಭೀಕರ ರೂಪ ಹೊಸದಲ್ಲ. ಗ್ರಾಮದೇವತೆಯ ಹಬ್ಬದಲ್ಲಿ ಸೋಮನ ಕುಣಿತ ನಡೆಯುತ್ತದೆ. ದೊಡ್ಡ ಕಣ್ಣು, ಕೋರೆಹಲ್ಲು, ಹುರಿಮೀಸೆಯ ಮರದ ಮುಖವಾಡವನ್ನು ಹೊತ್ತ ಸೋಮ ತಾಯಿಯ ಅಂಗರಕ್ಷಕನಾಗಿ ಮನೆ ಮನೆಗೆ ಬರುತ್ತಾನೆ. ಮಕ್ಕಳು ಅವನನ್ನು ಕಂಡು ಅವ್ವನ ಸೆರಗಿನ ಹಿಂದೆ ಅವಿತುಕೊಳ್ಳುತ್ತವೆ, ಅವನು ಮುಂದಿನ ಬೀದಿಗೆ ಹೋದ ಕೂಡಲೇ ಅವನ ಹಿಂದೆಯೇ ಓಡುತ್ತವೆ. ಜಾತ್ರೆ ಮೆರವಣಿಗೆಗಳ ಗಾರುಡಿ ಗೊಂಬೆ ಇನ್ನೂ ದೊಡ್ಡದು. ಬಿದಿರ ದಬ್ಬೆಯ ಚೌಕಟ್ಟಿಗೆ ಕಾಗದ, ಬಟ್ಟೆ, ಬಣ್ಣ ಹಾಕಿ ಮಾಡಿದ ಈ ಆಳೆತ್ತರ ಮೀರಿದ ಗೊಂಬೆಯ ಹೊಟ್ಟೆಯೊಳಗೆ ಒಬ್ಬ ಮನುಷ್ಯ ನಿಂತು ಕುಣಿಸುತ್ತಾನೆ. ಅವನು ಹೊರಗೆ ನೋಡಲು ಬಿಟ್ಟ ಕಿಂಡಿ ಎಲ್ಲರಿಗೂ ಕಾಣುತ್ತದೆ, ಕಂಡರೂ ಯಾರಿಗೂ ಅದರಿಂದ ತೊಂದರೆಯಿಲ್ಲ.

ಮೂಡಲಪಾಯ ಬಯಲಾಟದ ರಾಕ್ಷಸ ಪಾತ್ರ ಇಂಗಳೀಕ, ಅರದಾಳ, ಕಾಡಿಗೆಗಳಿಂದ ಹುಟ್ಟುತ್ತದೆ. ತಮ್ಮೂರಿನ ಒಕ್ಕಲಿಗ ಗೌಡರೋ ಗಾರೆ ಕೆಲಸದವರೋ ಆ ಬಣ್ಣದ ಹಿಂದಿದ್ದಾರೆಂದು ಊರಿಗೆಲ್ಲ ಗೊತ್ತು. ಮಂಡ್ಯ ಜಿಲ್ಲೆಯಲ್ಲಿ ಇಂದಿಗೂ ಬಿಡದೆ ನಡೆಯುವ ಪೌರಾಣಿಕ ನಾಟಕಗಳಲ್ಲಿಯೂ ಇದೇ ಮಾತು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ, ಪಾತ್ರಕ್ಕೆ ಇಷ್ಟೆಂದು ಪಾತ್ರಧಾರಿಯೇ ಹಣ ಹಾಕುತ್ತಾನೆ, ಡ್ರಾಮಾ ಸೀನರಿ ಬಾಡಿಗೆಗೆ ಬರುತ್ತದೆ, ರಟ್ಟಿನ ಕಿರೀಟಕ್ಕೆ ಬೇಗಡೆ ಅಂಟಿಸಿರುತ್ತಾರೆ. ಕುರುಕ್ಷೇತ್ರದ ಭೀಮನ ಗದೆ ಟೊಳ್ಳೆಂದು ನೋಡುಗನಿಗೆ ಗೊತ್ತು. ಏಟು ಬಿದ್ದಾಗ ಶಿಳ್ಳೆ ಹೊಡೆಯುವವನೂ ಅವನೇ.

ಕಂಪನಿ ನಾಟಕಗಳು ಇದಕ್ಕೆ ಯಂತ್ರದ ಬೆರಗನ್ನು ಸೇರಿಸಿದವು. ಗುಬ್ಬಿ ವೀರಣ್ಣನವರ ಕಂಪನಿ ರಂಗದ ಮೇಲೆ ಆನೆ ಕುದುರೆಗಳನ್ನು ತಂದಿತು. ಅದರ ‘ಕುರುಕ್ಷೇತ್ರ’, ‘ದಶಾವತಾರ’ ನಾಟಕಗಳು ವೈಭವದ ದೃಶ್ಯಗಳಿಗೇ ಹೆಸರಾದವು. ‘ಟ್ರಿಕ್ ಸೀನ್’ ಎಂಬ ಮಾತು ಈ ಕಂಪನಿಗಳ ಕರಪತ್ರಗಳಲ್ಲೂ ಇತ್ತು. ಸಿನಿಮಾದವರು ಅದನ್ನು ಹಾಗೆಯೇ ಎತ್ತಿಕೊಂಡರು. ಕಥೆಯ ಕಡೆಯಿಂದ ಬೇತಾಳ ಕಥೆಗಳು, ಬತ್ತೀಸ ಪುತ್ಥಳಿಯ ಕಥೆ, ಅಜ್ಜಿಯರು ಹೇಳುತ್ತಿದ್ದ ಏಳು ಸಮುದ್ರದಾಚೆಯ ಗಿಳಿಯಲ್ಲಿ ಪ್ರಾಣವಿಟ್ಟ ಮಾಂತ್ರಿಕನ ಕಥೆ ಮೊದಲೇ ಇದ್ದವು. 1949ರಲ್ಲಿ ಕನ್ನಡದಲ್ಲಿ ಆರಂಭವಾದ ‘ಚಂದಮಾಮ’ ಮಾಸಪತ್ರಿಕೆ ಈ ರಾಕ್ಷಸ ಬೇತಾಳರಿಗೆ ಮುಖ ಕೊಟ್ಟಿತು. ಕನ್ನಡದ ಕಲಾವಿದ ಎಂ.ಟಿ.ವಿ. ಆಚಾರ್ಯರು ಅದಕ್ಕೆ ಚಿತ್ರ ಬರೆದವರಲ್ಲಿ ಪ್ರಮುಖರು. ಪತ್ರಿಕೆಯ ಒಡೆಯರಾದ ನಾಗಿರೆಡ್ಡಿ ಮತ್ತು ಚಕ್ರಪಾಣಿಯವರೇ ‘ಪಾತಾಳ ಭೈರವಿ’ (1951), ‘ಮಾಯಾಬಜಾರ್’ (1957) ಚಿತ್ರಗಳ ನಿರ್ಮಾಪಕರೂ ಹೌದು. ಒಂದೇ ಮನೆಯಿಂದ ಪುಟದ ರಾಕ್ಷಸನೂ ಪರದೆಯ ರಾಕ್ಷಸನೂ ಹೊರಟರು.

ಕನ್ನಡದಲ್ಲಿ ಆರಂಭ

ಕನ್ನಡದ ಮೊದಲ ವಾಕ್ಚಿತ್ರವೇ ರಾಕ್ಷಸರ ಮನೆಯ ಕಥೆ. 1934ರ ಮಾರ್ಚ್ 3ರಂದು ತೆರೆಕಂಡ ‘ಸತಿ ಸುಲೋಚನ’ದ ನಾಯಕ ರಾವಣನ ಮಗ ಇಂದ್ರಜಿತು, ನಾಯಕಿ ಅವನ ಹೆಂಡತಿ. ವೈ.ವಿ. ರಾವ್ ನಿರ್ದೇಶಿಸಿದ ಈ ಚಿತ್ರದಲ್ಲಿ ಎಂ.ವಿ. ಸುಬ್ಬಯ್ಯನಾಯ್ಡು ಇಂದ್ರಜಿತುವಾಗಿ, ಆರ್. ನಾಗೇಂದ್ರರಾವ್ ರಾವಣನಾಗಿ, ತ್ರಿಪುರಾಂಬ ಸುಲೋಚನೆಯಾಗಿ ನಟಿಸಿದರು. ಚಿತ್ರೀಕರಣ ಕೊಲ್ಹಾಪುರದಲ್ಲಿ ನಡೆಯಿತು, ತಗುಲಿದ ವೆಚ್ಚ ಸುಮಾರು 40,000 ರೂಪಾಯಿ. ಇದು ಮಾಯಮಂತ್ರದ ಚಿತ್ರವೆಂದು ಎಣಿಸಬೇಕಾದದ್ದಲ್ಲ. ಆದರೂ ಕನ್ನಡ ಪರದೆಯ ಮೊದಲ ದುಃಖ ರಾಕ್ಷಸನ ಹೆಂಡತಿಯದು ಎಂಬ ಸಂಗತಿ ಮುಂದಿನ ಚಿತ್ರಗಳನ್ನು ನೋಡುವಾಗ ನೆನಪಿಡಬೇಕಾದದ್ದು.

ಈ ಬಗೆಯ ಚಿತ್ರಕ್ಕೆ ಕನ್ನಡದಲ್ಲಿ ಗಟ್ಟಿ ಅಡಿಪಾಯ ಹಾಕಿದ್ದು ಮೈಸೂರಿನ ಮಹಾತ್ಮ ಪಿಕ್ಚರ್ಸ್. ಡಿ. ಶಂಕರ್‌ಸಿಂಗ್ ಮತ್ತು ಬಿ. ವಿಠಲಾಚಾರ್ಯ ಈ ಸಂಸ್ಥೆಯ ಎರಡು ಕಂಬಗಳು. ಮದರಾಸು ಕೊಲ್ಹಾಪುರಗಳಿಗೆ ಅಲೆಯದೆ ಮೈಸೂರಿನ ನವಜ್ಯೋತಿ ಸ್ಟುಡಿಯೊದಲ್ಲೇ ಅವರು ಒಂದರ ಹಿಂದೊಂದು ಚಿತ್ರ ತೆಗೆದರು. ‘ನಾಗಕನ್ನಿಕ’ (1949), ‘ಜಗನ್ಮೋಹಿನಿ’ (1951) ಇವುಗಳಲ್ಲಿ ಮುಖ್ಯವಾದವು. ಪ್ರತಿಮಾದೇವಿ, ಹರಿಣಿ ನಟಿಸಿದ ‘ಜಗನ್ಮೋಹಿನಿ’ಗೆ ಜನ ಮುಗಿಬಿದ್ದರು. ನಾಯಕಿಯ ಉಡುಗೆಯ ಬಗ್ಗೆ ಟೀಕೆ ಎದ್ದಿತು, ಟೀಕೆಯಿಂದ ಗಲ್ಲಾಪೆಟ್ಟಿಗೆಗೆ ಲಾಭವೇ ಆಯಿತು.

1950ರ ದಶಕದ ಕೊನೆಯಿಂದ ರಾಜ್‌ಕುಮಾರ್ ಅವರ ಯುಗ. ‘ಭೂಕೈಲಾಸ’ (1958) ಚಿತ್ರದಲ್ಲಿ ರಾವಣನಾಗಿ, ಬಿ.ಎಸ್. ರಂಗಾ ಅವರ ‘ಮಹಿಷಾಸುರ ಮರ್ದಿನಿ’ಯಲ್ಲಿ (1959) ಮಹಿಷಾಸುರನಾಗಿ ಅವರು ನಟಿಸಿದರು. ನಾಯಕನಟನೊಬ್ಬ ರಾಕ್ಷಸನ ಪಾತ್ರ ಮಾಡುವುದು ಕನ್ನಡದಲ್ಲಿ ಕುಂದೆನಿಸಲಿಲ್ಲ. ಬಯಲಾಟದಲ್ಲಿಯೂ ರಾಕ್ಷಸ ವೇಷ ಕಟ್ಟುವವನು ಒಳ್ಳೆಯ ಕಂಠ, ಒಳ್ಳೆಯ ಮೈಕಟ್ಟಿನವನೇ. ‘ಆಶಾಸುಂದರಿ’ (1960), ‘ವೀರಕೇಸರಿ’ (1963), ‘ಪಾತಾಳ ಮೋಹಿನಿ’ (1965), ‘ಕಠಾರಿ ವೀರ’ (1966), ‘ಬಾಲನಾಗಮ್ಮ’ (1966) ಮುಂತಾದ ಚಿತ್ರಗಳಲ್ಲಿ ಕತ್ತಿಯೂ ಮಂತ್ರವೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆತಿವೆ. 1975ರಲ್ಲಿ ಶಂಕರ್‌ಸಿಂಗ್ ಅವರ ಮಗ ಎಸ್.ವಿ. ರಾಜೇಂದ್ರಸಿಂಗ್ ಬಾಬು ವಿಷ್ಣುವರ್ಧನ್ ಅವರನ್ನು ಹಾಕಿಕೊಂಡು ‘ನಾಗಕನ್ಯೆ’ ನಿರ್ದೇಶಿಸಿದರು. ಅದು ಅವರ ಮೊದಲ ಚಿತ್ರ. ಅಪ್ಪನ ನಾಗಕನ್ನಿಕೆಯಿಂದ ಮಗನ ನಾಗಕನ್ಯೆಯವರೆಗಿನ ಆ ಇಪ್ಪತ್ತಾರು ವರ್ಷವೇ ಕನ್ನಡದಲ್ಲಿ ಈ ಬಗೆಯ ಹರೆಯದ ಕಾಲ.

ವಿಠಲಾಚಾರ್ಯ

ದಕ್ಷಿಣದಲ್ಲಿ ಮಾಯಮಂತ್ರದ ಚಿತ್ರ ಎಂದರೆ ಮೊದಲು ನೆನಪಾಗುವ ಹೆಸರು ಬಿ. ವಿಠಲಾಚಾರ್ಯರದು (1920-1999). ಉಡುಪಿ ಬಳಿಯ ಉದ್ಯಾವರದ ಈ ಕನ್ನಡಿಗ ಹುಡುಗನಾಗಿದ್ದಾಗಲೇ ಊರು ಬಿಟ್ಟು ಅರಸೀಕೆರೆಗೆ ಬಂದು ಹೋಟೆಲು ನಡೆಸಿದರು, 1942ರ ಚಳವಳಿಯಲ್ಲಿ ಸೆರೆಮನೆ ಕಂಡರು. ಆಮೇಲೆ ಗೆಳೆಯರ ಜತೆ ಹಾಸನದ ಕಡೆ ಟೂರಿಂಗ್ ಟಾಕೀಸು ನಡೆಸಿದರು. ಚಿತ್ರ ತಯಾರಿಸುವ ಮೊದಲು ಚಿತ್ರ ತೋರಿಸಿದವರು ಅವರು. ನೆಲದ ಟಿಕೆಟ್ಟಿನವನು ಎಲ್ಲಿ ಚಪ್ಪಾಳೆ ತಟ್ಟುತ್ತಾನೆ, ಎಲ್ಲಿ ಬೀಡಿ ಹಚ್ಚಲು ಎದ್ದು ಹೋಗುತ್ತಾನೆ ಎಂಬುದನ್ನು ಟೆಂಟಿನೊಳಗೇ ನಿಂತು ಕಲಿತರು.

‘ಶ್ರೀನಿವಾಸ ಕಲ್ಯಾಣ’ (1952) ಅವರ ನಿರ್ದೇಶನದ ಮೊದಲ ಚಿತ್ರ. ವಿಠಲ್ ಪ್ರೊಡಕ್ಷನ್ಸ್ ಹೆಸರಿನಲ್ಲಿ ‘ರಾಜ್ಯಲಕ್ಷ್ಮಿ’, ‘ಕನ್ಯಾದಾನ’ (ಎರಡೂ 1954) ಮೊದಲಾದವನ್ನು ತೆಗೆದು, ಆ ದಶಕದ ನಡುವಿನಲ್ಲಿ ಮದರಾಸಿಗೆ ಹೋಗಿ ತೆಲುಗಿನಲ್ಲಿ ನೆಲೆನಿಂತರು. ‘ಬಂದಿಪೋಟು’ (1963), ‘ಅಗ್ಗಿ ಪಿಡುಗು’ (1964), ‘ಜ್ವಾಲಾದ್ವೀಪ ರಹಸ್ಯಂ’ (1965), ‘ಅಗ್ಗಿ ಬರಾಟ’ (1966), ‘ಲಕ್ಷ್ಮೀ ಕಟಾಕ್ಷಂ’ (1970) ಅವರ ಹೆಸರಾಂತ ಚಿತ್ರಗಳಲ್ಲಿ ಕೆಲವು. ಎನ್.ಟಿ. ರಾಮರಾವ್, ಕಾಂತರಾವ್ ಅವರ ನಾಯಕರು. ತೆಲುಗರು ಅವರಿಗೆ ಜಾನಪದ ಬ್ರಹ್ಮ ಎಂಬ ಬಿರುದು ಕೊಟ್ಟರು. ಕನ್ನಡಕ್ಕೂ ಅವರು ಮರಳಿ ಬರುತ್ತಿದ್ದರು. ರಾಜ್‌ಕುಮಾರ್, ಲೀಲಾವತಿ ನಟಿಸಿದ ‘ವೀರಕೇಸರಿ’ ಅವರದೇ.

ಅವರ ಜಿಪುಣತನದ ಕಥೆಗಳು ಚಿತ್ರರಂಗದಲ್ಲಿ ಇನ್ನೂ ಓಡಾಡುತ್ತವೆ. ಕಾಲ್‌ಶೀಟು ಕೊಡಲು ಸತಾಯಿಸಿದ ನಾಯಕನನ್ನು ಮುನಿಯ ಶಾಪದಿಂದ ಗಿಳಿಯನ್ನೋ ಮೇಕೆಯನ್ನೋ ಮಾಡಿ, ಆ ಪ್ರಾಣಿಯನ್ನೇ ಇಟ್ಟುಕೊಂಡು ಮುಂದಿನ ರೀಲುಗಳನ್ನು ಮುಗಿಸುತ್ತಿದ್ದರಂತೆ. ಇದು ನಿಜವೋ ಹಾಸ್ಯವೋ, ಈ ಬಗೆಯ ಚಿತ್ರದ ಜಾಯಮಾನವನ್ನು ಮಾತ್ರ ಸರಿಯಾಗಿ ಹಿಡಿದುಕೊಡುತ್ತದೆ. ಇಲ್ಲಿ ಕೊರತೆಯೇ ಕಥೆಯ ತಿರುವು. ಒಂದೇ ಅರಮನೆಯ ಸೆಟ್ಟು ಪರದೆ ಬದಲಾಯಿಸಿಕೊಂಡು ಎರಡು ರಾಜ್ಯವಾಗುತ್ತಿತ್ತು, ಕಂಬಗಳನ್ನು ತೆಗೆದು ಬಂಡೆಯ ಚಿತ್ರ ಬರೆದ ಹಲಗೆ ನಿಲ್ಲಿಸಿದರೆ ಮಾಂತ್ರಿಕನ ಗುಹೆಯಾಗುತ್ತಿತ್ತು. 1978ರಲ್ಲಿ ಅವರು ‘ಜಗನ್ಮೋಹಿನಿ’ ಎಂಬ ತಮ್ಮ ಹಳೆಯ ಸಂಸ್ಥೆಯ ಚಿತ್ರದ ಹೆಸರನ್ನೇ ತೆಲುಗಿನಲ್ಲಿ ಮತ್ತೆ ಇಟ್ಟು, ಜಯಮಾಲಿನಿಯನ್ನು ಪಿಶಾಚಿಯಾಗಿ ಮಾಡಿ ತೆಗೆದ ಚಿತ್ರ ಭಾಷೆಯ ಗಡಿ ದಾಟಿ ಓಡಿತು. ಕುಣಿಯುವ ಎಲುಬುಗೂಡು, ಸೌದೆಯ ಬದಲು ಒಲೆಗೆ ತನ್ನ ಕಾಲನ್ನೇ ಒಡ್ಡಿ ಅಡುಗೆ ಮಾಡುವ ದೆವ್ವ ಇಂಥ ದೃಶ್ಯಗಳು ಅವರ ಮುದ್ರೆಯಾದವು. 1960ರ ದಶಕದಲ್ಲಿ ನಡೆದ ಡಬ್ಬಿಂಗ್ ವಿರೋಧಿ ಚಳವಳಿಯ ಮೇಲೆ ಕನ್ನಡಕ್ಕೆ ಡಬ್ ಮಾಡುವುದು ನಿಂತುಹೋಗಿತ್ತು. ಹಾಗಾಗಿ ಕರ್ನಾಟಕದ ಜನ ಈ ಚಿತ್ರಗಳನ್ನು ತೆಲುಗಿನಲ್ಲೇ ನೋಡಿದರು. ದೆವ್ವದ ನಗುವಿಗೆ ಅನುವಾದ ಬೇಕಾಗಲಿಲ್ಲ.

ಹೊರಗಿನ ಬಳಗ

ಸಣ್ಣ ಬಂಡವಾಳದ ಭೂತಾಕಾರಗಳಿಗೆ ಜಗತ್ತಿನಲ್ಲೆಲ್ಲ ನೆಂಟರಿದ್ದಾರೆ. ಈ ಬಳಗದ ಹಿರಿಯ, ಅಮೆರಿಕದ ‘ಕಿಂಗ್ ಕಾಂಗ್’ (1933), ದೊಡ್ಡ ಖರ್ಚಿನ ಚಿತ್ರವೇ. ವಿಲಿಸ್ ಓಬ್ರಿಯನ್ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಒಂದೊಂದೇ ಚೌಕಟ್ಟು ತೆಗೆದು ಅದಕ್ಕೆ ಜೀವ ಕೊಟ್ಟರು. ಎರಡನೆಯ ಮಹಾಯುದ್ಧದ ನಂತರ ಅಣುಬಾಂಬಿನ ಭಯದಿಂದ ಹೊಸ ಪ್ರಾಣಿಗಳು ಹುಟ್ಟಿದವು. ಜಪಾನಿನ ‘ಗೊಡ್ಜಿಲ್ಲ’ದಲ್ಲಿ (1954) ಸಮಯ ಹಣ ಎರಡೂ ಸಾಲದೆ ಗೊಂಬೆಯ ಆಸೆ ಬಿಟ್ಟು, ಭಾರವಾದ ರಬ್ಬರಿನ ಉಡುಪಿನೊಳಗೆ ಹರುವೊ ನಕಾಜಿಮ ಎಂಬ ನಟನನ್ನು ನಿಲ್ಲಿಸಿ ಪುಟಾಣಿ ಟೋಕಿಯೊ ನಗರವನ್ನು ತುಳಿಸಿದರು. ನಮ್ಮ ಗಾರುಡಿ ಗೊಂಬೆಯೊಳಗಿನ ಮನುಷ್ಯನ ಪಾಡೇ ಅವನ ಪಾಡು. ಅಮೆರಿಕದ ‘ರೋಬಾಟ್ ಮಾನ್‌ಸ್ಟರ್’ನಲ್ಲಿ (1953) ಅನ್ಯಗ್ರಹದ ಜೀವಿಗೆ ವೇಷ ಹೊಲಿಸಲು ದುಡ್ಡಿಲ್ಲದೆ ಗೊರಿಲ್ಲಾ ಉಡುಪಿನ ಮೇಲೆ ಮುಳುಗುಗಾರರ ಶಿರಸ್ತ್ರಾಣದಂಥದ್ದನ್ನು ಕೂರಿಸಿದರು. ರೋಜರ್ ಕಾರ್ಮನ್ ‘ದ ಲಿಟ್ಲ್ ಶಾಪ್ ಆಫ್ ಹಾರರ್ಸ್’ (1960) ಚಿತ್ರದ ಮುಖ್ಯ ಭಾಗವನ್ನು ಎರಡೇ ದಿನದಲ್ಲಿ ಮುಗಿಸಿದರು.

ಈ ಬಳಗದ ಒಂದು ಕೊಂಡಿ ನಮ್ಮ ನೆರೆಯಲ್ಲೇ ಇದೆ. ಸೇಲಂನ ಮಾಡರ್ನ್ ಥಿಯೇಟರ್ಸ್ ಅಮೆರಿಕದವರ ಜತೆ ಸೇರಿ ತಯಾರಿಸಿದ ‘ದ ಜಂಗಲ್’ (1952) ಚಿತ್ರದಲ್ಲಿ ಸಾಕಿದ ಆನೆಗಳಿಗೆ ಉದ್ದ ಕೂದಲ ಹೊದಿಕೆ ಹೊದಿಸಿ, ಅಳಿದುಹೋದ ಮ್ಯಾಮತ್‌ಗಳೆಂದು ತೋರಿಸಿದರು. ಮುಂಬೈಯಲ್ಲಿ ಬಾಬುಭಾಯಿ ಮಿಸ್ತ್ರಿ ‘ಖ್ವಾಬ್ ಕಿ ದುನಿಯಾ’ (1937) ಚಿತ್ರದಲ್ಲಿ ಕಪ್ಪು ಹಿನ್ನೆಲೆಯ ಮುಂದೆ ಕಪ್ಪು ದಾರದಿಂದ ವಸ್ತುಗಳನ್ನು ತೇಲಿಸಿ ‘ಕಾಲಾ ಧಾಗಾ’, ಅಂದರೆ ಕಪ್ಪು ದಾರ, ಎಂಬ ಅಡ್ಡಹೆಸರನ್ನೇ ಪಡೆದರು. ದಾರಾಸಿಂಗ್ ನಟಿಸಿದ ಹಿಂದಿ ‘ಕಿಂಗ್ ಕಾಂಗ್’ (1962) ಅವರದೇ ನಿರ್ದೇಶನ. ‘ದೋ ಗಜ್ ಜಮೀನ್ ಕೆ ನೀಚೆ’ಯಿಂದ (1972) ‘ಪುರಾನಾ ಮಂದಿರ್’ (1984), ‘ವೀರಾನಾ’ (1988) ವರೆಗೆ ರಾಮ್ಸೆ ಸಹೋದರರು ಹಾಳು ಹವೇಲಿಯ ದೆವ್ವಗಳನ್ನು ಸಣ್ಣ ಊರಿನ ಚಿತ್ರಮಂದಿರಗಳಿಗೆ ಹಂಚಿದರು.

ಆದರೆ ಪಾಶ್ಚಾತ್ಯ ಬಿ ದರ್ಜೆಯ ಚಿತ್ರದ ಪ್ರಾಣಿಗೂ ನಮ್ಮ ರಾಕ್ಷಸನಿಗೂ ಒಂದು ದೊಡ್ಡ ಅಂತರ ಉಂಟು. ಅದು ಹೊರಗಿನಿಂದ ಬಂದದ್ದು, ಬಹುಮಟ್ಟಿಗೆ ಮಾತಿಲ್ಲದ್ದು, ಕೊನೆಗೆ ಸೈನ್ಯದ ಗುಂಡಿಗೋ ವಿಜ್ಞಾನಿಯ ಯುಕ್ತಿಗೋ ಸಾಯುವಂಥದ್ದು. ನಮ್ಮವನು ಮಾತಾಡುತ್ತಾನೆ, ಹಾಡುತ್ತಾನೆ, ಕಂದಪದ್ಯದ ಗತ್ತಿನಲ್ಲಿ ತನ್ನ ಪರಾಕ್ರಮ ಹೇಳಿಕೊಳ್ಳುತ್ತಾನೆ, ಪುರಾಣದವನಾದರೆ ತಪಸ್ಸು ಮಾಡಿ ವರ ಪಡೆದಿರುತ್ತಾನೆ. ಅವನ ಸಾವು ಅವನ ವರದೊಳಗೇ ಇರುತ್ತದೆ.

ತಂತ್ರ

ಈ ಚಿತ್ರಗಳ ಮುಖ್ಯ ಉಪಾಯ ಫ್ರಾನ್ಸಿನ ನಿರ್ದೇಶಕ ಮೆಲಿಯೆ 1890ರ ದಶಕದಲ್ಲೇ ಬಳಸಿದ್ದು. ಕ್ಯಾಮೆರಾವನ್ನು ಅಲುಗದಂತೆ ಕೂರಿಸಿ, ನಡುವೆ ನಿಲ್ಲಿಸಿ, ನಟನನ್ನು ಆಚೆ ಕಳಿಸಿ ಮತ್ತೆ ಓಡಿಸಿದರೆ ಪರದೆಯ ಮೇಲೆ ಅವನು ಮಾಯವಾಗುತ್ತಾನೆ. ಉಳಿದವರೆಲ್ಲ ಗೊಂಬೆಗಳ ಹಾಗೆ ನಿಂತಿರಬೇಕು. ಒಬ್ಬನ ಕೈ ಚೂರು ಸರಿದರೂ ಚಿತ್ರ ನೆಗೆದಂತೆ ಕಾಣುತ್ತದೆ. ಆ ನೆಗೆತವನ್ನು ಮುಚ್ಚಲು ಹೊಗೆಯ ಮದ್ದು ಸಿಡಿಸುತ್ತಿದ್ದರು. ಮಾಂತ್ರಿಕ ಬಂದಾಗಲೆಲ್ಲ ಹೊಗೆ ಏಳುವುದರ ಗುಟ್ಟು ಇಷ್ಟೇ.

ಎರಡನೆಯದು ಒಂದೇ ಫಿಲ್ಮಿನ ಮೇಲೆ ಎರಡು ಸಲ ಚಿತ್ರ ತೆಗೆಯುವುದು. ಮಸೂರದ ಅರ್ಧಕ್ಕೆ ಕಪ್ಪು ಮರೆ ಹಿಡಿದು ಒಂದು ಭಾಗ ತೆಗೆದು, ಚೌಕಟ್ಟುಗಳನ್ನು ಎಣಿಸಿ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಮರೆಯನ್ನು ಆಚೆ ಬದಿಗೆ ಸರಿಸಿ ಇನ್ನೊಂದು ಭಾಗ ತೆಗೆಯಬೇಕು. ಅಂಗೈಯಲ್ಲಿ ಕುಳಿತ ಕುಳ್ಳ, ಆಕಾಶ ಮುಟ್ಟುವ ರಾಕ್ಷಸ, ಎದುರುಬದುರು ನಿಂತ ಇಬ್ಬರು ರಾಜ್‌ಕುಮಾರ್ ಎಲ್ಲ ಹೀಗೆಯೇ ಹುಟ್ಟಿದ್ದು. ಎರಡನೆಯ ಸಲ ತಪ್ಪಾದರೆ ಮೊದಲಿನದೂ ಹಾಳು. ಕಚ್ಚಾ ಫಿಲ್ಮಿನ ಬೆಲೆ ಗೊತ್ತಿದ್ದ ಸಣ್ಣ ನಿರ್ಮಾಪಕ ಮರುಚಿತ್ರೀಕರಣಕ್ಕೆ ಒಪ್ಪುತ್ತಿರಲಿಲ್ಲ, ಹಾಗಾಗಿ ಎರಡು ಭಾಗ ಕೂಡುವ ಕಡೆ ಬಿದ್ದ ಗೆರೆ ಹಾಗೆಯೇ ಉಳಿಯುತ್ತಿತ್ತು. ನುರಿತ ಕೈಯಲ್ಲಿ ಇದೇ ಉಪಾಯ ಎಲ್ಲಿಗೆ ಮುಟ್ಟಬಲ್ಲದು ಎಂಬುದಕ್ಕೆ ತೆಲುಗಿನ ‘ಸೀತಾರಾಮ ಕಲ್ಯಾಣಂ’ (1961) ಸಾಕ್ಷಿ. ಅದರಲ್ಲಿ ಛಾಯಾಗ್ರಾಹಕ ರವಿಕಾಂತ ನಗಾಯಿಚ್ ರಾವಣನ ಹತ್ತು ತಲೆಗಳನ್ನು ಕ್ಯಾಮೆರಾದೊಳಗೇ ಮೂಡಿಸಿದರು. ‘ಮಾಯಾಬಜಾರ್’ನ ಘಟೋತ್ಕಚನ ಬಾಯಿಗೆ ಲಾಡುಗಳು ತಾವಾಗಿ ಹಾರಿ ಬೀಳುವ, ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿ ಅವರ ದೃಶ್ಯವೂ ಇದೇ ಪೀಳಿಗೆಯದು. ಇವು ದೊಡ್ಡ ಸಂಸ್ಥೆಗಳ ಕೆಲಸ. ಸಣ್ಣವರು ಇವನ್ನು ನೋಡಿ ಅಗ್ಗದ ದಾರಿ ಹುಡುಕಿದರು.

ಮೂರನೆಯದು ಪುಟ್ಟ ಮಾದರಿಗಳು. ಬೆಟ್ಟ, ಕೋಟೆ, ಹಡಗನ್ನು ಮೇಜಿನ ಮೇಲೆ ಕಟ್ಟಿ, ಕ್ಯಾಮೆರಾವನ್ನು ವೇಗವಾಗಿ ಓಡಿಸಿ ತೆಗೆದು ಮಾಮೂಲು ವೇಗದಲ್ಲಿ ತೋರಿಸಿದರೆ ಬೀಳುವ ಗೋಡೆಗೆ ತೂಕ ಬರುತ್ತದೆ. ಆದರೆ ನೀರಿನ ಹನಿ, ಬೆಂಕಿಯ ನಾಲಗೆ ಇವನ್ನು ಚಿಕ್ಕದು ಮಾಡಲು ಬರುವುದಿಲ್ಲ. ತೊಟ್ಟಿಯ ನೀರಿನಲ್ಲಿ ತೇಲುವ ಹಡಗಿನ ಪಕ್ಕ ನಿಂಬೆಹಣ್ಣಿನ ಗಾತ್ರದ ಹನಿ ಸಿಡಿದಾಗ ಗುಟ್ಟು ರಟ್ಟಾಗುತ್ತಿತ್ತು. ಇವಲ್ಲದೆ ತಂತಿ ಕಟ್ಟಿ ಹಾರಿಸುವುದು, ಫಿಲ್ಮನ್ನು ಹಿಂದುಮುಂದಾಗಿ ಓಡಿಸುವುದು, ಆಕಾಶದಲ್ಲಿ ಡಿಕ್ಕಿ ಹೊಡೆಯುವ ಬಾಣಗಳ ಕಿಡಿಯನ್ನು ಚೌಕಟ್ಟಿನ ಮೇಲೆ ಬರೆಯುವುದು, ಜೀವಂತ ಹಾವಿನ ದೃಶ್ಯಕ್ಕೆ ರಬ್ಬರ್ ಹಾವಿನ ದೃಶ್ಯ ಅಂಟಿಸುವುದು ಚಾಲ್ತಿಯಲ್ಲಿದ್ದವು. ಕಪ್ಪು ಬಿಳುಪು ಈ ಬಡತನಕ್ಕೆ ದೊಡ್ಡ ಆಸರೆ. ರಟ್ಟು, ಸುಣ್ಣ, ಬೇಗಡೆ ಎಲ್ಲ ಬೂದು ಬಣ್ಣದಲ್ಲಿ ಒಂದಾಗಿ ಕಲ್ಲಿನಂತೆ, ಚಿನ್ನದಂತೆ ಕಾಣುತ್ತಿದ್ದವು. ವರ್ಣಚಿತ್ರ ಬಂದಾಗ ಆ ಮರೆ ಜಾರಿತು.

ಮಂಡ್ಯ ಸೀಮೆಯ ಟೆಂಟುಗಳು

ಕನ್ನಂಬಾಡಿ ಕಟ್ಟೆಯ ವಿಶ್ವೇಶ್ವರಯ್ಯ ನಾಲೆ ಹರಿದು, 1930ರ ದಶಕದಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಕಬ್ಬು ಅರೆಯತೊಡಗಿದ ಮೇಲೆ ಮಂಡ್ಯ ಬಯಲಿನ ರೈತರ ಕೈಯಲ್ಲಿ ಸುಗ್ಗಿಯ ನಂತರ ಒಂದಿಷ್ಟು ಕಾಸು ಆಡತೊಡಗಿತು. ಅದನ್ನು ಹುಡುಕಿಕೊಂಡು ನಾಟಕ ಕಂಪನಿಗಳು ಬಂದವು, ಅವುಗಳ ಹಿಂದೆಯೇ ಟೂರಿಂಗ್ ಟಾಕೀಸುಗಳು ಬಂದವು.

ಟೆಂಟಿಗೆ ಸರ್ಕಾರದ ಪರವಾನಗಿ ತಾತ್ಕಾಲಿಕವಾಗಿರುತ್ತಿತ್ತು. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆ ಮತ್ತು 1971ರ ನಿಯಮಗಳು ಅದಕ್ಕೆ ಚೌಕಟ್ಟು ಹಾಕಿದವು. ಮಳೆಗಾಲದಲ್ಲಿ ಟೆಂಟು ಮಡಿಸಿಡುತ್ತಿದ್ದರು. ಹಗಲು ಎತ್ತಿನ ಗಾಡಿಗೆ ಪೋಸ್ಟರು ಕಟ್ಟಿ, ತಮಟೆ ಬಾರಿಸಿಕೊಂಡು ಕರಪತ್ರ ಎರಚುತ್ತ ಹಳ್ಳಿ ಸುತ್ತುತ್ತಿದ್ದರು. ಸಂಜೆ ಧ್ವನಿವರ್ಧಕದಲ್ಲಿ ಹಾಡುಗಳು ಮೊಳಗುತ್ತಿದ್ದವು. ಘಂಟಸಾಲರ ಕಂಠದ ವೆಂಕಟೇಶ್ವರನ ಭಕ್ತಿಗೀತೆ ಕೇಳಿಸಿತೆಂದರೆ ಪಿಚ್ಚರ್ ಶುರುವಾಗಲು ಇನ್ನು ತಡವಿಲ್ಲವೆಂದು ಗದ್ದೆ ಬದುವಿನ ಮೇಲೆ ಜನ ಓಡುತ್ತಿದ್ದರು. ಒಳಗೆ ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ಹೆಂಗಸರಿಗೆ ಬೇರೆ ಬದಿ. ನೆಲದವರು ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಕೂರುತ್ತಿದ್ದರು, ಹಿಂದಿನವನಿಗೆ ಪರದೆ ಕಾಣದೆ ಜಗಳವಾಗುತ್ತಿತ್ತು. ಇದ್ದದ್ದು ಒಂದೇ ಪ್ರೊಜೆಕ್ಟರು. ರೀಲು ಬದಲಿಸುವಾಗಲೆಲ್ಲ ದೀಪ ಹತ್ತಿ, ಕಡಲೆಕಾಯಿ ಸೋಡಾದವರು ಒಳನುಗ್ಗುತ್ತಿದ್ದರು.

ಮಾಯಮಂತ್ರದ ಚಿತ್ರಕ್ಕೆ ಇಂಥ ಜಾಗ ಹೇಳಿ ಮಾಡಿಸಿದಂತಿತ್ತು. ಹಳೆಯ ಪ್ರತಿಯ ಗೀರು, ಇಂಗಾಲದ ಕಡ್ಡಿಯ ದೀಪದ ಮಿಣುಕು, ಗಾಳಿಗೆ ಅಲುಗುವ ಪರದೆ ಇವೆಲ್ಲ ಸೇರಿ ತಂತಿಯನ್ನೂ ಗೆರೆಯನ್ನೂ ಮರೆಮಾಡುತ್ತಿದ್ದವು. ದೃಶ್ಯ ಅರ್ಧದಲ್ಲಿ ಕತ್ತರಿಸಿಹೋದರೆ ನೋಡುಗರೇ ತುಂಬಿಕೊಳ್ಳುತ್ತಿದ್ದರು. ಎರಡನೆಯ ಆಟ ಮುಗಿದು ಕತ್ತಲಲ್ಲಿ ಹುಣಸೆಮರದ ಕೆಳಗೆ ನಡೆದು ಮನೆ ಸೇರಬೇಕಾದಾಗ ಉಳಿದ ಭಯದ ಕೆಲಸ ನಡೆಯುತ್ತಿತ್ತು.

ಸೊಗಸು

ಈ ಚಿತ್ರಗಳ ಮೊದಲ ಸೊಗಸು ಕೈಗೆಲಸದ್ದು. ಪ್ರತಿಯೊಂದು ಮಾಯೆಯ ಹಿಂದೆ ಯಾರೋ ಒಬ್ಬರ ಬೆವರು ಕಾಣುತ್ತದೆ: ಕೋರೆಹಲ್ಲು ಕೆತ್ತಿದವನು, ರಟ್ಟು ಕತ್ತರಿಸಿದವನು, ಚೌಕಟ್ಟು ಎಣಿಸಿದವನು. ಎರಡನೆಯದು ಕಲ್ಪನೆಯ ಧಾರಾಳ. ಖರ್ಚಿಗೆ ಹೆದರುವ ನಿರ್ಮಾಪಕ ಕಲ್ಪನೆಗೆ ಹೆದರಲಿಲ್ಲ. ಮಾತಾಡುವ ಮರ, ನಡೆಯುವ ತಲೆ, ಪಾತಾಳದ ಪಟ್ಟಣ ಎಲ್ಲವನ್ನೂ ಒಂದೇ ಚಿತ್ರದಲ್ಲಿ ತುಂಬಿದ. ಮೂರನೆಯದು ಭಯ ಮತ್ತು ನಗು ಬೇರೆಯಾಗದೆ ಉಳಿದದ್ದು. ದೆವ್ವ ಬಂದಾಗ ಕಿರುಚಿದ ಮಗುವೇ, ಅದು ಹಾಸ್ಯನಟನ ಹೆಗಲೇರಿದಾಗ ನಕ್ಕಿತು. ಸೋಮನನ್ನು ಕಂಡು ಅವಿತು, ಮರುಗಳಿಗೆ ಅವನ ಹಿಂದೆ ಓಡುವ ಮಗುವೂ ಇದೇ.

ನಗರದ ವಿಮರ್ಶಕರು ಮತ್ತೆ ಮತ್ತೆ ಎತ್ತಿ ಆಡಿದ ದೋಷ ಒಂದೇ, ಕಟ್ಟಿದ ದಾರ ಕಾಣುತ್ತದೆ ಎಂಬುದು. ಗೊಂಬೆಯ ಹೊಟ್ಟೆಯ ಕಿಂಡಿಯನ್ನು ಕಂಡು ಬೆಳೆದ ನೋಡುಗನಿಗೆ ಅದು ದೋಷವಾಗಲಿಲ್ಲ. ಅವನ ಲೆಕ್ಕದಲ್ಲಿ ವೇಷ ಎಂದರೆ ಮೋಸವಲ್ಲ, ಒಪ್ಪಂದ. ಈ ಮಾತನ್ನು ಬಿಟ್ಟು ಬರೀ ತಂತ್ರದ ಅಳತೆಗೋಲಿನಿಂದ ಈ ಚಿತ್ರಗಳನ್ನು ಅಳೆದರೆ ಲೆಕ್ಕ ತಪ್ಪುತ್ತದೆ.

ಕೊರತೆ

ನಿಜವಾದ ಕೊರತೆಗಳು ಬೇರೆ ಕಡೆ ಇವೆ. ಕಥೆ ಸಡಿಲ. ರಾಜಕುಮಾರಿಯ ಅಪಹರಣ, ಮೂರು ಪರೀಕ್ಷೆ, ಗಿಳಿಯಲ್ಲಿ ಪ್ರಾಣ ಎಂಬ ಎಲುಬುಗೂಡನ್ನೇ ಹೆಸರು ಬದಲಿಸಿ ಹತ್ತಾರು ಸಲ ನಿಲ್ಲಿಸಿದರು. ಅಜ್ಜಿಯ ಕಥೆಯಲ್ಲಿ ಒಂದು ಮಾತಿನಲ್ಲಿ ಮುಗಿಯುವುದನ್ನು ಹಾಡು, ಕುಸ್ತಿ, ಅಡ್ಡಕಥೆಯ ಹಾಸ್ಯ ಸೇರಿಸಿ ಎರಡೂವರೆ ಗಂಟೆಗೆ ಎಳೆದರು. ಹಾಸ್ಯನಟರ ದೃಶ್ಯಗಳು ಬಹಳ ಕಡೆ ಕಥೆಗೆ ಸಂಬಂಧವಿಲ್ಲದವು.

ಹೆಣ್ಣಿನ ಚಿತ್ರಣ ಇನ್ನೂ ದೊಡ್ಡ ದೋಷ. ಆಸೆ ತೋರಿದ ಹೆಣ್ಣು ಮೋಹಿನಿ ಅಥವಾ ಪಿಶಾಚಿ, ಆಸೆ ಅಡಗಿಸಿಕೊಂಡವಳು ಪತಿವ್ರತೆ; ಕೊನೆಯ ರೀಲಿನಲ್ಲಿ ಪತಿವ್ರತೆಯ ಪೂಜೆಗೆ ಪಿಶಾಚಿ ಸುಟ್ಟುಹೋಗಬೇಕು. ಚಿತ್ರವೇ ಅವಳ ಮೈಯನ್ನು ಪೋಸ್ಟರಿನ ತುಂಬ ಮಾರಿ, ಕಡೆಗೆ ಅದೇ ಮೈಗೆ ಶಿಕ್ಷೆ ಕೊಡುತ್ತದೆ. ವಂಚನೆಗೊಳಗಾಗಿ ಸತ್ತು ದೆವ್ವವಾದವಳ ದೂರಿನಲ್ಲಿ ನ್ಯಾಯವಿದ್ದರೂ ಆ ನ್ಯಾಯ ಹೊಗೆಯಲ್ಲಿ ಮುಚ್ಚಿಹೋಗುತ್ತದೆ. ಬಣ್ಣದ ವಿಷಯದಲ್ಲಿಯೂ ಹೀಗೆ. ರಾಕ್ಷಸ, ಕಾಡಿನವರು, ಮಾಂತ್ರಿಕನ ಸೇವಕರು ಎಂದರೆ ಮೈಗೆಲ್ಲ ಕಪ್ಪು ಬಳಿದು ನಿಲ್ಲಿಸುವುದು ವಾಡಿಕೆಯಾಯಿತು, ಕುಳ್ಳರನ್ನು ಬೆರಗಿನ ವಸ್ತುವಾಗಿ ಮೆರೆಸಿದರು. ಇವು ಬಜೆಟ್ಟಿನ ಕೊರತೆಯಿಂದ ಬಂದವಲ್ಲ, ಯೋಚನೆಯ ಸೋಮಾರಿತನದಿಂದ ಬಂದವು. ಹಣವಿದ್ದ ಚಿತ್ರಗಳಲ್ಲಿಯೂ ಇವು ಇದ್ದವು.

ಇನ್ನೊಂದು ಕೊರತೆ ಕಾಪಿಡುವಿಕೆಯದು. ಈ ಚಿತ್ರಗಳನ್ನು ತಯಾರಿಸಿದವರೇ ಇವನ್ನು ಒಂದು ಸುಗ್ಗಿಯ ಸರಕು ಎಂದು ಎಣಿಸಿದರು. ಟೆಂಟಿನಿಂದ ಟೆಂಟಿಗೆ ಅಲೆದ ಪ್ರತಿಗಳು ಗೀರು ಬಿದ್ದು, ತುಂಡಾಗಿ ಹಾಳಾದವು. ಹಳೆಯ ಫಿಲ್ಮಿನಿಂದ ಬೆಳ್ಳಿಯ ಅಂಶ ತೆಗೆಯುವ ವ್ಯಾಪಾರಕ್ಕೂ ಎಷ್ಟೋ ಚಿತ್ರಗಳು ಬಲಿಯಾದವು. ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರ ಸ್ಥಾಪನೆಯಾದದ್ದು 1964ರಲ್ಲಿ. ಅಷ್ಟರಲ್ಲಿ ಕನ್ನಡದ ಮೊದಲ ಮೂವತ್ತು ವರ್ಷದ ಎಷ್ಟೋ ಚಿತ್ರಗಳು ಕೈಬಿಟ್ಟಿದ್ದವು.

ಇಳಿಗಾಲ

1970ರ ದಶಕದ ಕನ್ನಡದಲ್ಲಿ ಸಾಮಾಜಿಕ ಚಿತ್ರಗಳೂ ಹೊಸ ಅಲೆಯ ಚಿತ್ರಗಳೂ ಬಂದು ರಾಜರಾಣಿ ಕಥೆಗಳನ್ನು ಪಕ್ಕಕ್ಕೆ ಸರಿಸಿದವು. ಭಯದ ರೂಪವೂ ಬದಲಾಯಿತು. ಅನಂತನಾಗ್, ಲಕ್ಷ್ಮಿ ನಟಿಸಿದ ‘ನಾ ನಿನ್ನ ಬಿಡಲಾರೆ’ (1979) ದೆವ್ವವನ್ನು ಗುಹೆಯಿಂದ ತಂದು ಮನೆಯೊಳಗೆ ಕೂರಿಸಿತು, ಉಪೇಂದ್ರ ಅವರ ‘ಶ್!’ (1993) ದೆವ್ವದ ಭಯವನ್ನೇ ಸಿನಿಮಾ ಚಿತ್ರೀಕರಣದ ಬಿಡಾರಕ್ಕೆ ಒಯ್ದಿತು, ‘ಆಪ್ತಮಿತ್ರ’ದ (2004) ನಾಗವಲ್ಲಿ ಎಂಬ ದೆವ್ವಕ್ಕೆ ಮನೋವೈದ್ಯರು ಬೇಕಾದರು. ತೆಲುಗಿನ ‘ಅಮ್ಮೋರು’ (1995) ಚಿತ್ರದಿಂದ ಕಂಪ್ಯೂಟರ್ ಗ್ರಾಫಿಕ್ಸ್ ಈ ಬಗೆಯನ್ನು ಹೊಸದಾಗಿ ಎತ್ತಿಕೊಂಡಿತು. ಅದರ ನಿರ್ದೇಶಕ ಕೋಡಿ ರಾಮಕೃಷ್ಣ ಕನ್ನಡದ ‘ನಾಗರಹಾವು’ (2016) ಚಿತ್ರದಲ್ಲಿ, ಆಗಲೇ ತೀರಿಕೊಂಡಿದ್ದ ವಿಷ್ಣುವರ್ಧನ್ ಅವರ ರೂಪವನ್ನು ಕಂಪ್ಯೂಟರಿನಲ್ಲಿ ಮತ್ತೆ ಮೂಡಿಸಿದರು. ವಿಠಲಾಚಾರ್ಯರ ‘ಜಗನ್ಮೋಹಿನಿ’ 2009ರಲ್ಲಿ ತಮಿಳಿನಲ್ಲಿ ಮತ್ತೊಮ್ಮೆ ತಯಾರಾಯಿತು. ಇವುಗಳಲ್ಲಿ ದಾರ ಕಾಣುವುದಿಲ್ಲ, ಗೆರೆಯೂ ಇಲ್ಲ. ಕಥೆಯ ಎಲುಬುಗೂಡು ಮಾತ್ರ ಹಳೆಯದೇ.

ದೂರದರ್ಶನ, ವೀಡಿಯೊ ಕ್ಯಾಸೆಟ್ಟುಗಳ ಎದುರು ಟೆಂಟುಗಳು ಒಂದೊಂದಾಗಿ ಮುಚ್ಚಿದವು. ಮಂಡ್ಯ ಸೀಮೆಯಲ್ಲಿ ಅವುಗಳಿಗಿಂತ ಹಳೆಯದಾದ ಪೌರಾಣಿಕ ನಾಟಕ ಮಾತ್ರ ನಿಂತಿಲ್ಲ. ರಟ್ಟಿನ ಕಿರೀಟಕ್ಕೆ ಈಗಲೂ ಬೇಗಡೆ ಅಂಟಿಸುತ್ತಾರೆ. ಕನ್ನಡ ಪರದೆಗೆ ಮೊದಲು ಬಂದ ರಾಕ್ಷಸ ದಂಪತಿಯ ಕಥೆ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಲಭ್ಯವಿಲ್ಲ.